ಫ್ರಿಜ್ಜಿನ ಬಾಗಿಲಿಗೆ ನೋಟೀಸು ಅಂಟಿಸಿದವರು

ಅವರ ಬಲಗೈಯ ಹೆಬ್ಬೆರಳು ಉಳಿದ ಬೆರಳುಗಳಿಗಿಂತ ಹತ್ತು ವರ್ಷ ದೊಡ್ಡದಾಗಿ ಕಾಣುತ್ತಿತ್ತು. ತುದಿ ಗಟ್ಟಿಯಾಗಿ, ಹಳದಿ ತಿರುಗಿ, ನಟ್ಟನಡುವೆ ಸೀಳು ಬಿಟ್ಟಿತ್ತು. ಆ ಸೀಳಿನಲ್ಲಿ ಕೂತ ಕಪ್ಪು ಯಾವ ಸಾಬೂನಿಗೂ ಜಗ್ಗುತ್ತಿರಲಿಲ್ಲ. ಮೂವತ್ತಾರು ವರ್ಷ ದಬ್ಬಣ ಒತ್ತಿ ಒತ್ತಿ ಕಾಗದದ ಕಟ್ಟುಗಳನ್ನು ಹೊಲಿದ ಬೆರಳು ಅದು. ನಿವೃತ್ತರಾದ ಮೇಲೂ ಅಂಗಿಯ ಜೇಬಿನ ಅಂಚಿಗೆ ಬಿಳಿ ದಾರ ಸುತ್ತಿದ ದಬ್ಬಣವೊಂದು ಚುಚ್ಚಿಕೊಂಡೇ ಇರುತ್ತಿತ್ತು. ಓಣಿಯ ಮಕ್ಕಳು ಓಡಿಬಂದು ಕಾಲಿಗೆ ತೆಕ್ಕೆಬಿದ್ದರೆ, ಮೊದಲು ದಬ್ಬಣ ತೆಗೆದು ಕಟ್ಟೆಯ ಮೇಲಿಟ್ಟು ಆಮೇಲೆ ಎತ್ತಿಕೊಳ್ಳುತ್ತಿದ್ದರು.

ಹುನಗುಂದದಲ್ಲಿ ನಮ್ಮ ಮನೆಯ ಎದುರಿಗೇ ಅವರ ಮನೆ. ಕೋರ್ಟಿನ ರೆಕಾರ್ಡ್ ರೂಮಿನಲ್ಲಿ ದುಡಿದವರು. ಮುಗಿದ ಖಟ್ಲೆಗಳ ಕಾಗದವನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ಜೋಪಾನ ಮಾಡುವುದು ಅವರ ಕೆಲಸವಾಗಿತ್ತು. ಓಣಿಗೆಲ್ಲ ಅವರು ರೆಕಾರ್ಡ್ ಕಾಕಾ, ನನಗೆ ಬರೀ ಕಾಕಾ. ನಾನು ಸರ್ಕಾರಿ ಶಾಲೆಯ ಶಿಕ್ಷಕಿಯಾದ್ದರಿಂದ ಅವರ ಬಾಯಲ್ಲಿ ನಾನು ಅಕ್ಕೋರು. ವಯಸ್ಸಿನಲ್ಲಿ ಅವರ ಮಗಳಷ್ಟಿದ್ದರೂ ಒಂದು ದಿನವೂ ನನ್ನನ್ನು ಏಕವಚನದಲ್ಲಿ ಕರೆಯಲಿಲ್ಲ. ನಡಿಗೆ ನಿಧಾನ, ಮಾತು ನಿಧಾನ. ಚಹಾವನ್ನಂತೂ ಬಸಿಗೆ ಸುರಿದುಕೊಂಡು, ಅದು ಆರಿ ಕೆನೆ ಕಟ್ಟಿದ ಮೇಲೆಯೇ ಕುಡಿಯುತ್ತಿದ್ದರು. ನಾನೋ, ಒಲೆಯ ಮೇಲೆ ಹಾಲಿಟ್ಟು ಅದು ಉಕ್ಕುವವರೆಗೂ ನಿಲ್ಲಲಾರದವಳು. ಇಂಥವರ ಕೈಯಲ್ಲಿ ಖಟ್ಲೆಗಳಿದ್ದರೆ ಮೊಮ್ಮಕ್ಕಳ ಕಾಲಕ್ಕೂ ಮುಗಿಯಲಾರವು ಎಂದು ಗಂಡನ ಮುಂದೆ ಆಡಿಕೊಂಡು ನಗುತ್ತಿದ್ದೆ. ಆತುರಗಾರರಿಗೆ ಬುದ್ಧಿ ಮಟ್ಟ ಎಂಬ ಮಾತು ಆಗ ನನ್ನ ಕಿವಿಗೆ ಬಿದ್ದಿರಲಿಲ್ಲವೆಂದಲ್ಲ, ಅದು ಬೇರೆಯವರಿಗೆ ಹೇಳಿದ್ದೆಂದು ತಿಳಿದಿದ್ದೆ.

ನಮ್ಮ ಮಗಳು ನಮ್ಮ ಮನೆಗೆ ಬಂದದ್ದು ಹನ್ನೊಂದು ತಿಂಗಳ ಕೂಸಾಗಿ. ಮದುವೆಯಾಗಿ ಒಂಬತ್ತು ವರ್ಷ ಕಾದು ದತ್ತಕ ತೆಗೆದುಕೊಂಡೆವು. ಬಾಗಲಕೋಟೆಯಿಂದ ಅವಳನ್ನು ಕರೆತಂದ ದಿನ ನಾನೂ ನನ್ನ ಗಂಡನೂ ಸೇರಿ ನಲವತ್ತಮೂರು ಫೋಟೋ ತೆಗೆದೆವು. ನಮ್ಮತ್ತೆಯ ತೊಡೆಯ ಮೇಲೆ ಕೂತು ಅವರ ಬಳೆ ಹಿಡಿದು ಜಗ್ಗುತ್ತ ನಗುವ ಸಣ್ಣದೊಂದು ವಿಡಿಯೋ ಮಾಡಿದೆವು. ಅದಕ್ಕಿಂತ ಹಿಂದಿನ ಫೋಟೋ ಅವಳಿಗೆ ಒಂದೂ ಇಲ್ಲ. ನಮ್ಮಲ್ಲಿ ಅವಳ ಹುಟ್ಟುಹಬ್ಬಕ್ಕಿಂತ ‘ಬಂದ ದಿನ’ ದೊಡ್ಡದು. ಆ ದಿನ ಹೋಳಿಗೆ ಮಾಡಿ, ಎಲ್ಲರೂ ಕೂತು ಆ ಫೋಟೋಗಳನ್ನು ಸರದಿಯಂತೆ ನೋಡಬೇಕು. ಅವಳಿಗೆ ಸರದಿ ಬಾಯಿಪಾಠ. “ಈಗ ಅಜ್ಜಿ ಅಳತಾಳ ನೋಡ್ರಿ, ಆಮ್ಯಾಲ ಅಪ್ಪಾ ನನ್ನ ಸೊಟ್ಟ ಹಿಡಕೊಂಡಾನ” ಎಂದು ಫೋಟೋ ಬರುವ ಮೊದಲೇ ಹೇಳುತ್ತಾಳೆ. ಬೇರೆ ಮಕ್ಕಳಿಗೆ ತಾವು ಹುಟ್ಟಿದ ಕತೆ ಹೇಗೋ, ಅವಳಿಗೆ ಇದು ಹಾಗೆ.

ಇಷ್ಟು ದೊಡ್ಡ ಆಸ್ತಿಯನ್ನು ನಾವು ಇಟ್ಟುಕೊಂಡ ಚೆಂದವನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಒಂದಿಷ್ಟು ನನ್ನ ಫೋನಿನಲ್ಲಿ, ಒಂದಿಷ್ಟು ಗಂಡನ ಫೋನಿನಲ್ಲಿ, ಮೆಮೊರಿ ಕಾರ್ಡು ಗುಳಿಗೆಯ ಡಬ್ಬಿಯಲ್ಲಿ, ಮುಚ್ಚಳ ಕಳೆದ ಪೆನ್‌ಡ್ರೈವು ಎಲ್ಲೋ. ಮನೆಯ ಕಂಪ್ಯೂಟರಿನಲ್ಲಿ ‘ಹೊಸದು’, ‘ಹೊಸದು ಎರಡು’, ‘ಇದೇ ಖರೆ ಹೊಸದು’ ಎಂಬ ಹೆಸರಿನ ಫೋಲ್ಡರುಗಳು. ಒಂದನ್ನೂ ಪ್ರಿಂಟ್ ಹಾಕಿಸಿರಲಿಲ್ಲ. ಫೋನಿನಲ್ಲೇ ಇವೆಯಲ್ಲ, ಎಲ್ಲಿ ಹೋಗುತ್ತವೆ ಎಂಬ ಧೈರ್ಯ.

ಮಗಳು ಒಂದನೇ ತರಗತಿಯಲ್ಲಿದ್ದಾಗ ಶಾಲೆಗೆ ಕೂಸಿದ್ದಾಗಿನ ಫೋಟೋ ತರಲು ಹೇಳಿದರು. ಅದರ ಹಿಂದಿನ ದಿನವೇ ನನ್ನ ಫೋನು ನೀರಿನ ಬಕೀಟಿಗೆ ಬಿದ್ದು ಸತ್ತುಹೋಗಿತ್ತು. ಕಂಪ್ಯೂಟರಿನಲ್ಲಿ ಹುಡುಕಿದರೆ ಸಾವಿರಾರು ಫೋಟೋಗಳ ನಡುವೆ ಅವಳ ಬಂದ ದಿನ ಸಿಗಲೊಲ್ಲದು. ಮಗಳು ಬಾಗಿಲಲ್ಲಿ ನಿಂತು ಅಳುತ್ತಿದ್ದಳು, ನಾನು ಒಳಗೆ ಕಪಾಟು ಕಿತ್ತು ಹಾಕುತ್ತಿದ್ದೆ. ಕೊನೆಗೆ ಗಂಡನ ಹಳೆಯ ಪ್ಯಾಂಟಿನ ಜೇಬಿನಲ್ಲಿ ಪೆನ್‌ಡ್ರೈವು ಸಿಕ್ಕಿತು. ಆ ಪ್ಯಾಂಟು ಅಷ್ಟರಲ್ಲಿ ಎರಡು ಸಲ ಒಗೆತಕ್ಕೆ ಬಿದ್ದಿತ್ತು. ದೇವರ ದಯೆ, ಪೆನ್‌ಡ್ರೈವು ತೆರೆಯಿತು.

ಎದುರಿನ ಕಟ್ಟೆಯಿಂದ ಇದೆಲ್ಲ ನೋಡುತ್ತಿದ್ದ ಕಾಕಾ ಸಂಜೆ ನಮ್ಮ ಮನೆಗೆ ಬಂದರು.

“ಅಕ್ಕೋರ, ಒಂದು ಮಾತು ಹೇಳ್ಲೇನ್ರಿ? ಒಂದ ಕಡೆ ಇದ್ದದ್ದು ಇದ್ದಂಗಲ್ಲ.”

ಮುಂದೆ ನೂರು ಸಲ ಕೇಳಿದ ಮಾತು ಅದು. ಅವತ್ತು ಮೊದಲನೆಯದು. ಬಾಗಲಕೋಟೆಯ ಹಳೆಯ ಊರು ಅಣೆಕಟ್ಟಿನ ಹಿನ್ನೀರಿಗೆ ಖಾಲಿಯಾಗುತ್ತಿದ್ದ ದಿನಗಳಲ್ಲಿ ಕೋರ್ಟಿನ ಕಾಗದಗಳ ದಫ್ತರ ಸಾಗಿಸಲು ತಮ್ಮನ್ನೂ ಕಳಿಸಿದ್ದರಂತೆ. “ಕಾಗದ ಒಂದು ಲಾರ್‍ಯಾಗ, ಅದರ ಯಾದಿ ಇನ್ನೊಂದು ಲಾರ್‍ಯಾಗ. ಎರಡೂ ಕೂಡಿ ಎಂದೂ ಪ್ರವಾಸ ಮಾಡಬಾರದ್ರಿ. ಒಂದು ಲಾರಿ ಹಳ್ಳಕ್ಕ ಬಿದ್ರ, ಏನ ಬಿತ್ತು ಅನ್ನೂದರ ಗೊತ್ತಾಗಬೇಕಲ್ಲ?” ಎಂದರು. ಆಮೇಲೆ ತಾವಾಗಿಯೇ, “ನಿಮ್ಮ ಫೋಟೋದ ದಫ್ತರ ನಾ ಹಚ್ಚಿ ಕೊಡ್ತೇನ್ರಿ. ರವಿವಾರ ಬರ್ತೇನಿ” ಎಂದರು. ಅವರು ಆವರೆಗೆ ಮೌಸು ಮುಟ್ಟಿದವರಲ್ಲ.

ರವಿವಾರ ಒಂಬತ್ತಕ್ಕೆ ಸರಿಯಾಗಿ ಬಂದರು, ಬಗಲಲ್ಲಿ ಉದ್ದನೆಯ ರಿಜಿಸ್ಟರ್ ಇತ್ತು. ಬಿಸಿ ರೊಟ್ಟಿ ಮುಟ್ಟಿದಂತೆ ಮೌಸು ಮುಟ್ಟಿ ಕೈ ಹಿಂತೆಗೆದರು. ಮೌಸು ನಿಮ್ಮ ಪಾಲಿಗೆ, ಪೆನ್ನು ನನ್ನ ಪಾಲಿಗೆ ಎಂದು ಕೆಲಸ ಹಂಚಿದರು. ಪ್ರತಿ ಫೋಟೋವನ್ನೂ ಮೂರು ಪಾಲಿನಲ್ಲಿ ಒಂದಕ್ಕೆ ಹಾಕಬೇಕು: ಕಾಯಂ ಇಡುವಂಥದ್ದು, ಹತ್ತು ವರ್ಷ ಇಡುವಂಥದ್ದು, ನಾಶ ಮಾಡುವಂಥದ್ದು. ಹೆಸರಿನಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ದಿನ, ಊರು, ಇದ್ದವರು. ಬಂದ ದಿನದ ಫೋಟೋ ಬಂದಾಗ ನಾನು ಏನೂ ಹೇಳುವ ಮೊದಲೇ, “ಇದು ಕಾಯಂ. ದತ್ತಕದ ಕಾಗದ ಎಂದೂ ನಾಶ ಮಾಡೂದಲ್ಲ” ಎಂದು ರಿಜಿಸ್ಟರಿನ ಮೊದಲ ಪುಟದಲ್ಲಿ ಬರೆದುಕೊಂಡರು.

ಹೀಗೆ ಹೋದರೆ ನನ್ನ ರಿಟೈರ್ಮೆಂಟೇ ಬಂದೀತು ಅನ್ನಿಸಿತು. ಅಕ್ಕನಿಗೆ ತೋರಿಸಲೆಂದು ತೆಗೆದ ಒಂದೇ ಸೀರೆಯ ಅಂಚಿನ ಇಪ್ಪತ್ತೇಳು ಫೋಟೋ. ಬೆಳಗಿನ ಶುಭೋದಯದ ಹೂವುಗಳಂತೂ ಲೆಕ್ಕಕ್ಕಿಲ್ಲ. ನಾನು ಪಟಪಟ ಅಳಿಸಲು ಹೊರಟರೆ ಕಾಕಾ ಕೈ ಅಡ್ಡ ಹಿಡಿದರು.

“ಹಂಗ ನಾಶ ಮಾಡಾಕ ಬರೂದಿಲ್ರಿ ಅಕ್ಕೋರ. ನೋಟೀಸು ಕೊಡಬೇಕು.”

“ಯಾರಿಗ್ರಿ ಕಾಕಾ? ಫೋಟೋಕ್ಕೇನು?”

“ಸಂಬಂಧಪಟ್ಟವರಿಗೆ.”

ಮರುದಿನ ನಮ್ಮ ಫ್ರಿಜ್ಜಿನ ಬಾಗಿಲಿಗೆ ನೋಟೀಸು ಬಿತ್ತು. ಮುತ್ತಿನಂಥ ಅಕ್ಷರ. “ಈ ಕೆಳಗಿನ ಫೋಟೋಗಳನ್ನು ಇಂದಿನಿಂದ ಮೂವತ್ತು ದಿನಗಳ ನಂತರ ನಾಶಪಡಿಸಲಾಗುವುದು. ತಕರಾರು ಇದ್ದವರು ಅಷ್ಟರೊಳಗೆ ಸಲ್ಲಿಸತಕ್ಕದ್ದು.” ನಾನು ಮತ್ತು ಗಂಡ ಬಿದ್ದು ಬಿದ್ದು ನಕ್ಕೆವು. ಆದರೆ ತಕರಾರುಗಳು ಬಂದವು. ಮೊದಲನೆಯದು ನಮ್ಮತ್ತೆಯದು, ಬಾಯಿಮಾತಿನಲ್ಲಿ. ಶುಭೋದಯದ ಚಿತ್ರಗಳಲ್ಲಿ ದೇವರಿದ್ದಾನೆ, ಅಳಿಸಿದರೆ ಪಾಪ ಬರುತ್ತದೆ ಎಂದು. ಕಾಕಾ ಗಂಭೀರವಾಗಿ ಕೇಳಿಸಿಕೊಂಡು, “ವೈನಿ, ದೇವರು ಎಲ್ಲಾ ಕಡೆ ಅದಾನ್ರಿ. ಫೋನಿನಾಗಿಂದ ಹೋದ್ರ ಆತಗೇನು ಕಡಿಮಿ ಆಗೂದಿಲ್ಲ. ಒಬ್ಬ ದೇವರಿಗೆ ಒಂದು ಫೋಟೋ ಇಡೂಣು” ಎಂದು ರಾಜಿ ಮಾಡಿಸಿದರು.

ಎರಡನೆಯದು ಮಗಳದು, ಬಣ್ಣದ ಪೆನ್ಸಿಲ್ಲಿನಲ್ಲಿ. ನಮ್ಮ ಹಿತ್ತಲಿಗೆ ಬರುವ ಬೆಕ್ಕಿನ ಬಾಲ ಮಾತ್ರ ಕಾಣುವ ಹದಿನಾಲ್ಕು ಮಸುಕು ಫೋಟೋಗಳನ್ನು ನಾನು ನಾಶಕ್ಕೆ ಹಾಕಿದ್ದೆ. “ಬೆಕ್ಕಿಗೆ ಬರಿಯಾಕ ಬರೂದಿಲ್ಲ. ಅದಕ್ಕ ನಾ ಬರದೇನಿ. ತೆಗಿಬ್ಯಾಡ್ರಿ.” ಕಾಕಾ ಅದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಕೆಂಪು ಪೆನ್ನಿನಲ್ಲಿ ‘ತಕರಾರು ಮಂಜೂರು’ ಎಂದು ಬರೆದು ಸಹಿ ಹಾಕಿ, ಆ ಚೀಟಿಯನ್ನು ರಿಜಿಸ್ಟರಿಗೆ ಹೊಲಿದುಬಿಟ್ಟರು. ಆ ಹದಿನಾಲ್ಕು ಬಾಲಗಳು ಈಗಲೂ ನಮ್ಮಲ್ಲಿ ಕಾಯಂ ಇವೆ.

ನಾಲ್ಕು ತಿಂಗಳ ರವಿವಾರಗಳು ಹೀಗೆ ಹೋದವು. ಫೋಟೋಗಳೆಲ್ಲ ಮೂರು ಸಣ್ಣ ಹಾರ್ಡ್ ಡಿಸ್ಕುಗಳಲ್ಲಿ ನಕಲಾದವು. ಕಾಕಾ ಒಂದೊಂದನ್ನೂ ಕೆಂಪು ಬಟ್ಟೆಯಲ್ಲಿಟ್ಟು, ನಾಲ್ಕೂ ಕಡೆ ಬಿಳಿ ದಾರದಿಂದ ಹೊಲಿದರು. ಒಂದು ಹುನಗುಂದದ ನಮ್ಮ ಮನೆಯಲ್ಲಿ, ಒಂದು ಇಳಕಲ್ಲಿನ ನಮ್ಮಕ್ಕನ ಸೀರೆಯ ಟ್ರಂಕಿನಲ್ಲಿ, ಒಂದು ಚೊಳಚಗುಡ್ಡದ ನನ್ನ ತವರಿನಲ್ಲಿ ದೇವರ ಜಗಲಿಯ ಪಕ್ಕದ ಡಬ್ಬಿಯಲ್ಲಿ. ಇಂಟರ್ನೆಟ್ಟಿನಲ್ಲೂ ಇಡಬಹುದಂತೆ ಎಂದು ನಾನು ಹೇಳಿದ್ದಕ್ಕೆ, “ಆ ಕ್ವಾಣಿಯ ಕೀಲಿಕೈ ಯಾರ ಕಡೆ ಐತ್ರಿ?” ಎಂದು ಕೇಳಿದರು. ಅಲ್ಲಿ ಸಿಗುವ ಪುಕ್ಕಟೆ ಜಾಗವೂ ಇಷ್ಟಕ್ಕೆಲ್ಲ ಸಾಲುತ್ತಿರಲಿಲ್ಲ, ಅಲ್ಲಿಗೆ ಬಿಟ್ಟೆವು. ಫೋನು, ಮೆಮೊರಿ ಕಾರ್ಡು, ಪೆನ್‌ಡ್ರೈವು ಎಲ್ಲ ಖಾಲಿ ಮಾಡಿದೆ. ಹಳೆಯ ಕಂಪ್ಯೂಟರು ಗುಜರಿಗೆ ಹೋಯಿತು. ವರ್ಷಕ್ಕೊಮ್ಮೆ ಗಂಡನ ಕಚೇರಿಯ ಲ್ಯಾಪ್‌ಟಾಪಿಗೆ ಒಂದೊಂದೇ ಡಿಸ್ಕು ಹಚ್ಚಿ ಹೊಸ ಫೋಟೋ ಸೇರಿಸುವುದೆಂದು ಠರಾವಾಯಿತು.

“ಒಂದೊಂದ ಅಂದ್ರ ಒಂದೊಂದರಿ ಮತ್ತ. ಮೂರೂ ಒಂದ ಚೀಲದಾಗ ಕೂಡಬಾರದು” ಎಂದು ಕಾಕಾ ಬಾಗಿಲ ತನಕ ಹೋದವರು ತಿರುಗಿ ಬಂದು ಹೇಳಿದರು.

ಒಂದು ವರ್ಷ ಹಾಗೆಯೇ ಮಾಡಿದೆ. ಎರಡನೆಯ ವರ್ಷ ದೀಪಾವಳಿ ರಜೆಯಲ್ಲಿ, ಹೆಂಗೂ ತವರಿಗೆ ಹೋಗಿದ್ದೇನಲ್ಲ ಎಂದು ಅಲ್ಲಿನ ಡಿಸ್ಕು ತೆಗೆದುಕೊಂಡೆ. ಮನೆಯದೂ ಬ್ಯಾಗಿನಲ್ಲಿತ್ತು. ಇಳಕಲ್ಲಿನ ಅಕ್ಕನ ಮನೆಯಲ್ಲಿ ಕಂಪ್ಯೂಟರು ಇತ್ತು, ಮೂರಕ್ಕೂ ಒಂದೇ ಸಲ ತುಂಬಿಬಿಡೋಣವೆಂದು ಹೋದರೆ ಕರೆಂಟಿಲ್ಲ. ಬರುವವರೆಗೆ ಕಾಯಬೇಕೆಂದರೆ ನಾನು ಕಾಯುವ ಪೈಕಿಯೇ? ಮೂರನ್ನೂ ಮನೆಗೇ ಒಯ್ಯುತ್ತೇನೆಂದು ಅಕ್ಕ ಕೊಟ್ಟ ಸೀರೆ ಅಂಗಡಿಯ ಚೀಲದಲ್ಲಿ ಹಾಕಿಕೊಂಡು ಬದಾಮಿ ಬಸ್ಸು ಹತ್ತಿದೆ.

ಇಳಕಲ್ಲಿನಿಂದ ಹೊರಟ ಬಸ್ಸಿನಲ್ಲಿ ಅರ್ಧ ಜನರ ತೊಡೆಯ ಮೇಲೆ ಸೀರೆ ಅಂಗಡಿಯ ಚೀಲವೇ ಇರುತ್ತದೆ. ನನ್ನ ಪಕ್ಕ ಕೂತ ಹೆಣ್ಣುಮಗಳ ತೊಡೆಯ ಮೇಲೂ ಅದೇ ಅಂಗಡಿಯದು, ಅದೇ ಬಣ್ಣದ್ದು. ಮಗಳ ನಿಶ್ಚಯಕ್ಕೆ ಸೀರೆ ತೆಗೆದುಕೊಂಡು ಹೊರಟಿದ್ದಳು. ದಾರಿಯುದ್ದಕ್ಕೂ ಸೆರಗು, ಅಂಚು, ಕುಬಸ ಎಂದು ಮಾತೋ ಮಾತು. ಹುನಗುಂದ ಬಂದಾಗ ಮಾತಿನ ಭರದಲ್ಲಿ ಚೀಲ ಎತ್ತಿಕೊಂಡು ಇಳಿದೆ. ಮನೆಯಲ್ಲಿ ತೆರೆದರೆ ಕುಂಕುಮ ಬಣ್ಣದ ಹೊಸ ಸೀರೆ. ಡಿಸ್ಕು ಇಲ್ಲ.

ಮಗಳ ಬಂದ ದಿನಕ್ಕೆ ಹತ್ತೇ ದಿನ ಉಳಿದಿತ್ತು. ಅವಳಿಗೆ ಆಗ ಒಂಬತ್ತು. “ಅವ್ವಾ, ಫೋಟೋ ತಂದ್ಯಾ?” ಎಂದು ಕೇಳಿದಳು. “ಇಳಕಲ್ಲಾಗ ಅದಾವು” ಎಂದು ಸುಳ್ಳು ಹೇಳಿದೆ. ಅವಳಿಗೆ ಹೇಳಿದ ಆ ಸುಳ್ಳು ಈಗಲೂ ಚುಚ್ಚುತ್ತದೆ.

ಮರುದಿನ ಸೀರೆ ಹಿಡಿದು ಇಳಕಲ್ಲಿನ ಆ ಅಂಗಡಿಗೆ ಹೋದೆ. ಅಂಗಡಿಯವರು ಸೀರೆ ನೋಡಿಯೇ ಕೊಂಡವರ ಗುರುತು ಹಿಡಿದು, ಅವರಿವರಿಗೆ ಫೋನು ಮಾಡಿ ಊರು ಪತ್ತೆ ಹಚ್ಚಿಕೊಟ್ಟರು. ಪಟ್ಟದಕಲ್ಲಿನ ಹತ್ತಿರದ ಹಳ್ಳಿ. ಮೂರನೆಯ ದಿನ ಅಲ್ಲಿ ಹೋಗಿ ನಿಂತಾಗ ಆ ಹೆಣ್ಣುಮಗಳು ನನ್ನನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. ಸೀರೆ ಕೈಗಿತ್ತ ಮೇಲೆಯೇ ಮಾತು ಹೊರಟದ್ದು.

“ತಪ್ಪು ತಿಳೀಬ್ಯಾಡ್ರಿ ಅಕ್ಕಾರ. ಚೀಲ ತೆಗದ್ರ ಒಳಗ ಕೆಂಪು ಬಟ್ಟಿ, ಬಿಳಿ ದಾರದ ಹೊಲಿಗಿ, ಮ್ಯಾಲ ಹೆಸರಿಲ್ಲ ಊರಿಲ್ಲ. ಅದೂ ಮೂರು! ನಿಶ್ಚಯದ ಮನಿ, ಯಾರೋ ಮಾಟ ಮಾಡಿ ಕಳಿಸ್ಯಾರಂತ ತಿಳದ್ವಿರಿ. ಬಸ್ಸಿನ್ಯಾಗ ಎಷ್ಟು ಛಲೋ ಮಾತಾಡಿದ್ಲು, ಹಿಂಥಾ ಕೆಲಸ ಮಾಡ್ಯಾಳಲ್ಲ ಅಂತ ನಿಮಗ ಭಾಳ ಬೈದ್ನಿರಿ.”

“ಅವು ಎಲ್ಲ್ಯದಾವ್ರಿ ಈಗ?”

ಮನೆಯೊಳಗೆ ಒಯ್ದಿರಲಿಲ್ಲ. ಹಿತ್ತಲಿನ ಬೇವಿನ ಬುಡದಲ್ಲಿ ಇಟ್ಟು, ನಿಂಬೆಹಣ್ಣು ಕೊಯ್ದು, ಮಾಟ ಮುರಿಯಲೆಂದು ಒಂದು ಕೊಡ ಅರಿಶಿನದ ನೀರು ಸುರಿದಿದ್ದರು. ಅದರ ಮೇಲೆ ಎರಡು ದಿನ ಮಳೆಯೂ ಬಿದ್ದಿತ್ತು. ಎತ್ತಿದರೆ ಮೂರೂ ಗಂಟಿನಿಂದ ಹಳದಿ ನೀರು ತೊಟ್ಟಿಕ್ಕಿತು. ಇಂಥ ಹೊತ್ತಿನಲ್ಲೂ ನನಗೆ ನಗು ಬಂತು, ನಕ್ಕ ಬೆನ್ನಿಗೇ ಅಳು ಬಂತು. ಆಕೆ ಪಾಪ, ನನಗಿಂತ ಹೆಚ್ಚು ಅತ್ತಳು. ಇಳಕಲ್ಲಿನ ಕಂಪ್ಯೂಟರ್ ರಿಪೇರಿಯವರು ಮೂರನ್ನೂ ಹಚ್ಚಿ ನೋಡಿ, ಜೀವ ಇಲ್ಲವೆಂದು ತಲೆಯಾಡಿಸಿದರು.

ಕಾಕಾನ ಮುಂದೆ ಹೋಗಿ ನಿಲ್ಲುವುದು ಬಾಕಿ ಇತ್ತು. ಅವರು ಕಟ್ಟೆಯ ಮೇಲೆ ಕೂತು ಬಸಿಯ ಚಹಾ ಆರಲು ಕಾಯುತ್ತಿದ್ದರು. ಎಲ್ಲವನ್ನೂ ಹೇಳಿದೆ.

“ಮೂರೂ ಒಂದ ಚೀಲದಾಗ ಹಾಕಿದ್ರಿ?”

“ಹೌದ್ರಿ ಕಾಕಾ.”

ಅವರು ಬಸಿ ಎತ್ತಿಕೊಂಡರು. ಚಹಾ ಕುಡಿದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ. ಬಸಿಯನ್ನು ಕಪ್ಪಿನ ಮೇಲೆ ಬೋರಲು ಹಾಕಿ, ನಿಧಾನಕ್ಕೆ ಕೇಳಿದರು. “ಯಜಮಾನ್ರು ಸಹಿ ಮಾಡ್ಯಾರೇನ್ರಿ?”

“ಎದರ ಸಹಿರಿ?”

ಒಳಗೆ ಹೋಗಿ ರಿಜಿಸ್ಟರ್ ತಂದರು. ನಾಶದ ಯಾದಿ ಎಂಬ ಪುಟ ತೆರೆದು ಆ ಸೀಳುಬಿಟ್ಟ ಹೆಬ್ಬೆರಳನ್ನು ಒಂದು ಸಾಲಿನ ಮೇಲಿಟ್ಟರು. “ಹಳೆಯ ಕಂಪ್ಯೂಟರಿನ ಡಿಸ್ಕು, ಒಂದು. ನಕಲುಗಳು ಇರುವುದರಿಂದ ನಾಶಕ್ಕೆ ಯೋಗ್ಯ. ಅಕ್ಕೋರ ಸಹಿ ಇದೆ. ಯಜಮಾನರ ಸಹಿ ಬಾಕಿ.”

ಕಂಪ್ಯೂಟರು ಗುಜರಿಗೆ ಹೋಗುವ ಮುಂಚೆ ಅದರ ಹೊಟ್ಟೆಯೊಳಗಿನ ಡಿಸ್ಕನ್ನು ಬಿಚ್ಚಿಸಿ ಅವರು ತಮ್ಮಲ್ಲಿ ಇಟ್ಟುಕೊಂಡಿದ್ದರು. ಅದನ್ನು ಒಡೆದು ಬಿಸಾಡಿ ಎಂದು ಹೇಳಿ ನಾನು ಸಹಿ ಹಾಕಿ ಮರೆತಿದ್ದೆ. ನನ್ನ ಗಂಡ ಗ್ರಾನೈಟ್ ಕಲ್ಲಿನ ಕೆಲಸಕ್ಕೆಂದು ಊರೂರು ತಿರುಗುವವನು, ಸಹಿಗೆ ಸಿಕ್ಕಿರಲಿಲ್ಲ. “ಇಬ್ಬರೂ ಪಕ್ಷಗಾರರ ಸಹಿ ಇಲ್ಲದ ನೋಟೀಸು ಹೊರಡೂದಿಲ್ಲ. ನೋಟೀಸು ಹೊರಡದ ನಾಶ ಮಾಡಾಕ ಬರೂದಿಲ್ರಿ. ಅದಕ್ಕ ಟ್ರಂಕಿನಾಗ ಐತಿ” ಎಂದರು, ಇದರಲ್ಲಿ ವಿಶೇಷವೇನಿದೆ ಎನ್ನುವ ಹಾಗೆ. ಎರಡು ವರ್ಷದಿಂದ ಒಂದು ಸಹಿಗೆ ಕಾಯುತ್ತ ಕೂತ ಮನುಷ್ಯ ಅವರೊಬ್ಬರೇ ಇರಬೇಕು.

ಮರುದಿನ ಬೆಳಿಗ್ಗೆ ಇಬ್ಬರೂ ಇಳಕಲ್ಲಿಗೆ ಹೋದೆವು. ಡಿಸ್ಕನ್ನು ಅವರು ನನ್ನ ಕೈಗೆ ಕೊಡಲಿಲ್ಲ, ನಾನೂ ಕೇಳಲಿಲ್ಲ. ರಿಪೇರಿಯವರು ವಯರು ಹಚ್ಚಿದಾಗ ಡಿಸ್ಕು ಗರಗರ ಎಂದಿತು, ನಿಂತಿತು, ಮತ್ತೆ ಗರಗರ ಎಂದಿತು. ಆ ಸದ್ದು ಕೇಳುತ್ತ ನಾನು ಯಾವ ಯಾವ ದೇವರಿಗೆ ಏನೇನು ಹರಕೆ ಹೊತ್ತೆನೋ ನೆನಪಿಲ್ಲ. ಕೊನೆಗೆ ಪರದೆಯ ಮೇಲೆ ಫೋಲ್ಡರುಗಳು ಕಂಡವು. ‘ಕಾಯಂ’ ತೆರೆದೆವು. ಕಾಕಾ ಪರದೆಗೆ ಬೆರಳು ಹಚ್ಚಿ ಒಂದೊಂದಾಗಿ ಎಣಿಸಿದರು. ನಲವತ್ತಮೂರು. ವಿಡಿಯೋ ಹಚ್ಚಿದಾಗ ಅಂಗಡಿಯ ತುಂಬ ನಮ್ಮತ್ತೆಯ ಬಳೆಗಳ ಸದ್ದು, ಅದರ ಹಿಂದೆ ನನ್ನ ಮಗಳ ನಗು. ಹೋದ ಜೀವ ಬಂತು ಎನ್ನುತ್ತಾರಲ್ಲ, ಅದು ಎದೆಯಲ್ಲಿ ಎಲ್ಲಿ ಬಂದು ಕೂರುತ್ತದೆ ಎಂದು ನನಗೆ ಅವತ್ತು ಗೊತ್ತಾಯಿತು. ಯಾರಿದ್ದಾರೆ ಯಾರಿಲ್ಲ ನೋಡದೆ ಗೊಳೋ ಎಂದು ಅತ್ತೆ.

“ಅಕ್ಕೋರ, ಅಳೂದು ಆಮ್ಯಾಲ. ಮೊದಲ ನಕಲು ತಗೀರಿ” ಎಂದರು ಕಾಕಾ.

ನಡುವಿನ ಒಂದು ವರ್ಷದ ಫೋಟೋಗಳು ಹೋದವು. ಹೋಗಲಿ. ಮನೆಗೆ ಬರುವಾಗ ಬಸ್ಸಿನಲ್ಲಿ, ತಪ್ಪೆಲ್ಲ ನನ್ನದೇ ಎಂದು ನಾನು ಹೇಳುತ್ತಿದ್ದರೆ ಅವರು ಒಪ್ಪಲಿಲ್ಲ. “ನಂದೂ ಐತ್ರಿ. ಮೂವತ್ತಾರು ವರ್ಷದಾಗ ಒಂದ ದಫ್ತರಾನೂ ಹೆಸರಿನ ಚೀಟಿ ಹಚ್ಚದ ಕಟ್ಟಿದಾವಲ್ಲ ನಾ. ಇವು ಮನಿಯಾವ ಅದಾವಲ್ಲ ಅಂತ ಬಿಟ್ಟೆ. ಚೀಟಿ ಇದ್ದಿದ್ರ ಆ ತಾಯಿ ಯಾಕ ಹೆದರತಿದ್ಲು?” ಎಂದು ಕಿಟಕಿಯ ಹೊರಗೆ ನೋಡಿದರು. ಅವರಿಗೆ ನಿಜಕ್ಕೂ ಬೇಸರವಾಗಿತ್ತು.

ಹೊಸ ಡಿಸ್ಕುಗಳು ಮೂರು ಬೇರೆ ಬೇರೆ ವಾರಗಳಲ್ಲಿ ಮೂರು ಊರು ಸೇರಿದವು, ಪ್ರತಿಯೊಂದರ ಮೇಲೂ ‘ಇದು ಫೋಟೋ ಇರುವ ಯಂತ್ರ, ಹೆದರಬೇಡಿ’ ಎಂಬ ಚೀಟಿ. ಇಂಟರ್ನೆಟ್ಟಿನಲ್ಲೂ ಜಾಗ ತೆಗೆದುಕೊಂಡೆವು. ಅದರ ಕೀಲಿಕೈ ಎಂದರೆ ಪಾಸ್‌ವರ್ಡು ಎಂದು ವಿವರಿಸಿದ ಮೇಲೆ ಕಾಕಾ, “ಹಂಗಾದ್ರ ನಾಕನೇ ಊರು ಆತು” ಎಂದು ರಿಜಿಸ್ಟರಿನಲ್ಲಿ ಸೇರಿಸಿಕೊಂಡರು. ‘ಬಂದ ದಿನ’ದ ಹೋಳಿಗೆ ಊಟಕ್ಕೆ ಅವರೇ ಮುಖ್ಯ ಅತಿಥಿ. ಮಗಳಿಗೆ ಅವತ್ತೇ ನಿಜ ಹೇಳಿದೆ. ಅವಳು ನನ್ನ ಕೂಡ ಎರಡು ದಿನ ಮಾತು ಬಿಟ್ಟಳು, ಕಾಕಾನ ಪಕ್ಕದಿಂದ ಮಾತ್ರ ಏಳಲಿಲ್ಲ.

ಹೋದ ವರ್ಷ ಶ್ರಾವಣದಲ್ಲಿ ಕಾಕಾ ತೀರಿಕೊಂಡರು. ಬೆಳಗಿನ ಹೊತ್ತು, ಕಟ್ಟೆಯ ಮೇಲೆ ಕೂತಲ್ಲೇ. ಯಾರಿಗೂ ಒಂದು ಮಾತಿನ ತ್ರಾಸು ಕೊಡಲಿಲ್ಲ. ನನ್ನ ಮಗಳಿಗೆ ಅವಳ ಮೊದಲ ದಿನವನ್ನು ತಿರುಗಿ ಕೊಟ್ಟವರು ಅವರು. ಆ ಋಣ ತೀರಿಸುವ ಬಗೆ ನನಗೆ ತಿಳಿದಿರಲಿಲ್ಲ, ಈಗಲೂ ತಿಳಿದಿಲ್ಲ.

ಮೂರನೆಯ ದಿನ ಅವರ ಮಗ ನಮ್ಮ ಮನೆಗೆ ಬಂದರು. ಕರೆಂಟಿನ ಇಲಾಖೆಯಲ್ಲಿ ಕೆಲಸ, ಮಾತು ಕಡಿಮೆ. ಒಂದೇ ಮನೆಯಲ್ಲಿದ್ದರೂ ತಂದೆ ಮಗ ಕೂತು ಹರಟಿದ್ದನ್ನು ಓಣಿಯವರು ಯಾರೂ ಕಂಡವರಲ್ಲ. ಶಿವಗಣಾರಾಧನೆಯ ಕಾರ್ಡಿಗೆ ತಂದೆಯ ಒಂದು ಫೋಟೋ ಬೇಕಿತ್ತು. ತಮ್ಮ ಫೋನೆಲ್ಲ ಹುಡುಕಿದರೂ ಸಿಕ್ಕದ್ದು ಗುರುತಿನ ಚೀಟಿಯ ಕಪ್ಪು ಮುಖ ಒಂದೇ. “ನಿಮ್ಮ ಕಡೆ ಒಂದರ ಇದ್ದೀತೇನ್ರಿ ಅಕ್ಕೋರ?” ಎಂದು ಬಾಗಿಲಲ್ಲೇ ನಿಂತು ಕೇಳಿದರು.

ಹದಿಮೂರರ ಮಗಳು ಲ್ಯಾಪ್‌ಟಾಪು ತೆರೆದಳು. ಎರಡು ನಿಮಿಷವೂ ಹಿಡಿಯಲಿಲ್ಲ. ಅವಳು ಸಣ್ಣವಳಿದ್ದಾಗಿನಿಂದ ಕಾಕಾ ನಮ್ಮಲ್ಲಿಗೆ ಬರುತ್ತಿದ್ದ ರವಿವಾರಗಳಲ್ಲಿ ನನ್ನ ಫೋನು ಕಸಿದುಕೊಂಡು ತೆಗೆದ ಫೋಟೋಗಳು, ವರ್ಷ ತಿಂಗಳು ದಿನದ ಸಮೇತ ಎಂಬತ್ತಾರು ಇದ್ದವು. ಒಂದರಲ್ಲಿ ಕಾಕಾ ಮೌಸು ನೋಡಿ ನಗುತ್ತಿದ್ದಾರೆ. ಒಂದರಲ್ಲಿ ನಮ್ಮತ್ತೆ ಏನೋ ಜಗಳ ತೆಗೆದಿದ್ದಾರೆ, ಇವರು ಬಾಯಿ ಮುಚ್ಚಿಕೊಂಡು ನಗುತ್ತಿದ್ದಾರೆ. ಒಂದರಲ್ಲಿ ಬಾಯಿ ಪೂರಾ ತೆರೆದು, ತಲೆ ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿ ನಕ್ಕಿದ್ದಾರೆ, ಹಿಂದಿನ ಹಲ್ಲು ಇಲ್ಲದ್ದು ಕಾಣುತ್ತದೆ. ಮಗ ಒಂದೊಂದನ್ನೂ ನೋಡಿದರು. ನಾನು ತಂದಿಟ್ಟ ಚಹಾ ಮುಟ್ಟಲಿಲ್ಲ.

“ಅಕ್ಕೋರ,” ಎಂದರು ಕೊನೆಗೆ. “ಅಪ್ಪಾ ಇಷ್ಟ ನಗತಿದ್ದನೇನ್ರಿ?”

ಮಗಳೇ ಹೇಳಿದಳು. “ಹೌದ್ರಿ ಮಾಮಾ. ಪ್ರತಿ ರವಿವಾರ.”

ಅವರು ಕಣ್ಣೊರೆಸಿಕೊಂಡು, ಮತ್ತೆ ಮೊದಲನೆಯ ಫೋಟೋಕ್ಕೆ ಹೋಗಲು ಹೇಳಿದರು. ಕಾರ್ಡಿಗೆ ಒಂದು ಸಾಕಿತ್ತು. ಅವರು ಎಂಬತ್ತಾರನ್ನೂ ಒಯ್ದರು.